ಎಡಗಡೆಯವನು

ಕಲೀನಾದ ಹ್ಯಾಂಗರಿಗೆ ರಾತ್ರಿ ಒಂದೂವರೆಗೆ
ಎಳೆದು ತಂದು ನಿಲ್ಲಿಸುತ್ತಿದ್ದರು ಅದನ್ನು.
ಒಂದು ಸಾಲಿಗೆ ಎಂಟು ಸೀಟು, ನಡುವೆ ಎರಡು ಓಣಿ.
ಭಾಂಡೂಪಿನ ನನ್ನ ಚಾಳಿನಲ್ಲಿ
ಇಪ್ಪತ್ತು ಮನೆಗೆ ಒಂದೇ ಓಣಿ,
ಅದರಲ್ಲೂ ಅರ್ಧ ನೀರಿನ ಡ್ರಮ್ಮುಗಳದು.

ಇಷ್ಟು ದೊಡ್ಡ ಹೊಟ್ಟೆಗೆ ಎರಡೇ ಎಂಜಿನ್ನು.
ಫೋರ್‌ಮನ್ ಕೆರ್ಸಾಸ್ಪ್ ದಸ್ತೂರರು ನಾಲ್ಕರ ಕಾಲದವರು.
‘ಮಂಚ ಬಿಟ್ಟು, ಗೋಡೆಗೊರಗಿಸಿದ ಏಣಿಯ ಮೇಲೆ
ಮಲಗಿದ ಹಾಗಾಯಿತು’ ಎನ್ನುತ್ತಿದ್ದರು.

ಒಂದು ಕೆಟ್ಟರೆ ಇನ್ನೊಂದರ ಮೇಲೆ ಕುಂಟಿಕೊಂಡು
ನೆಲ ಮುಟ್ಟಬೇಕಲ್ಲ, ಆ ದೂರಕ್ಕೊಂದು ಲೆಕ್ಕ:
ಮೊದಲು ಅರವತ್ತು ನಿಮಿಷ, ಆಮೇಲೆ ನೂರಿಪ್ಪತ್ತು,
ಆಮೇಲೆ ನೂರ ಎಂಬತ್ತು.
‘ಇದೇನು ಲೋಕಲ್ ರೈಲಿನ ಪಾಸೇ,
ದಾದರಿಗಿದ್ದದ್ದನ್ನು ಕಲ್ಯಾಣಕ್ಕೆ ಹಿಗ್ಗಿಸಲು?’
ಗೊಣಗಿಕೊಂಡೇ ಸಹಿ ಹಾಕಿದರು.

ಆ ಕಾಗದದ ಕಂತೆಯಲ್ಲಿ ಒಂದು ಸಾಲಿತ್ತು:
ಒಂದೇ ಕೈ ಎರಡೂ ಎಂಜಿನ್ನನ್ನು ಮುಟ್ಟಕೂಡದು.
ಎಂಜಿನ್ನಿಗೆ ಅವಳಿಯಿರಲಿ,
ತಪ್ಪಿಗೆ ಬೇಡ.

ಹಾಗಾಗಿ ಎಡಗಡೆಯದು ನನಗೆ,
ಬಲಗಡೆಯದು ಎವರಿಸ್ಟೊ ಕುಟಿನ್ಹೊಗೆ.
ಆಲ್ದೋನಾದವನು, ಧೋಬಿತಲಾವಿನ ಊರ ಕ್ಲಬ್ಬಿನಲ್ಲಿ
ಒಂದು ಪೆಟ್ಟಿಗೆ ಒಂದು ಚಾಪೆಯ ಸಂಸಾರ ಅವನದು.
ಹನ್ನೊಂದು ವರ್ಷ ಆ ಹೊಟ್ಟೆಯ ಆಚೆ ಈಚೆ ನಿಂತು
ಕೂಗಿ ಮಾತಾಡಿದೆವು.
ಸ್ಪ್ಯಾನರ್ ಸಾಲ ಕೊಟ್ಟೆವು, ಬೀಡಿ ಕೊಟ್ಟೆವು,
ಕೈ ಮಾತ್ರ ಕೊಡುವಂತಿರಲಿಲ್ಲ.

ಮಾರ್ಚಿಯ ಒಂದು ಮಧ್ಯಾಹ್ನ
ನೈರೋಬಿಯ ದಾರಿಯಲ್ಲಿ, ಸಮುದ್ರದ ನಟ್ಟನಡುವೆ,
ಎಡಗಡೆಯ ಎಣ್ಣೆಯ ಮುಳ್ಳು ಸೊನ್ನೆಗಿಳಿಯಿತು.
ನಂದಿಸಿದರು. ತಿರುಗಿಸಿದರು.
ಇನ್ನೂರ ಹನ್ನೆರಡು ಜನ, ಊಟದ ತಟ್ಟೆ ಇನ್ನೂ ಮುಂದಿರುವಾಗಲೇ,
ಒಂದು ಗಂಟೆ ನಲವತ್ತು ನಿಮಿಷ
ಎವರಿಸ್ಟೊನ ಎಂಜಿನ್ನಿನ ಮೇಲೆ ಮನೆಗೆ ಬಂದರು.
ಆಗ ನಾನು ಮಲಗಿದ್ದೆ,
ಕಿಟಕಿಗೆ ಲುಂಗಿ ಕಟ್ಟಿಕೊಂಡು.

ರಾತ್ರಿ ಮುಚ್ಚಳ ತೆರೆದರೆ
ಲೋಹದ ಮೈತುಂಬ ಎಣ್ಣೆ.
ಬಿರಡೆ ಇತ್ತು, ಬಿಗಿಯಾಗಿತ್ತು,
ಅದಕ್ಕೆ ನಾನು ಹೊಸೆದ ತಂತಿ
ಹುಡುಗಿಯ ಜಡೆಯಷ್ಟು ನೀಟಾಗಿತ್ತು.
ಒಳಗಿನ ರಬ್ಬರಿನ ಉಂಗುರ ಮಾತ್ರ
ಇರಲಿಲ್ಲ.
‘ನಾನು ಹೇಳಿರಲಿಲ್ಲವೆ’ ಎನ್ನುತ್ತಾರೆಂದು ಕಾದೆ.
ದಸ್ತೂರರು ಕನ್ನಡಕ ಒರೆಸಿದರು,
ಒರೆಸುತ್ತಲೇ ಇದ್ದರು.

ನಾಲ್ಕು ಗಂಟೆಯ ಚಹಾಕ್ಕೆ
ಎವರಿಸ್ಟೊ ಪಕ್ಕದಲ್ಲಿ ಕೂತ. ಬಸಿಗೆ ಸುರಿದುಕೊಂಡ.
‘ಆ ರಾತ್ರಿ ನಾನು ಇಳಿದ ಮೇಲೆ
ಮತ್ತೆ ಏಣಿ ಹತ್ತಿದ್ದೆ,’ ಅಂದ.
‘ಉಂಗುರ ಹಾಕಿದೆನೋ ಇಲ್ಲವೋ ಅಂತ.’
‘ಹಾಕಿದ್ದೆಯಾ?’
‘ಇಲ್ಲ.’

ಬಸಿಯ ಅಂಚಿನಲ್ಲಿ ಊದಿ ಊದಿ ಕುಡಿದ.
ಅದನ್ನು ಯಾವ ಕಾಗದದಲ್ಲೂ ಬರೆಯಲಿಲ್ಲ
ಅವನೂ, ನಾನೂ.
ಮೂರು ತಿಂಗಳು ಮನೆಯಲ್ಲಿ ಕೂತೆ, ಮತ್ತೆ ಹೋದೆ,
ಮತ್ತೆ ಎಡಗಡೆಯೇ.

ಈಗ ನೇರುಳಿನಲ್ಲಿ ಮೂರನೇ ಮಹಡಿ.
ಸಿಲಿಂಡರ್ ತರುವ ಹುಡುಗ ಸೀಲು ಕಿತ್ತು ನಿಂತರೆ
‘ತಡಿ’ ಎಂದು ಮಂಡಿಯೂರುತ್ತೇನೆ,
ಕಿರುಬೆರಳನ್ನು ಬಾಯೊಳಗಿಳಿಸಿ
ಕರಿ ವಾಷರನ್ನು ಸುತ್ತ ತಡವುತ್ತೇನೆ.
‘ಆಹೇ ಕಾಕಾ, ಆಹೇ’ ಎಂದು ನಗುತ್ತಾನೆ.
ದುಡ್ಡು ಎಣಿಸಿ ಕೊಡುತ್ತೇನೆ.
ಖಾಲಿ ಸಿಲಿಂಡರ್ ಮೆಟ್ಟಿಲ ಮೇಲೆ
ಢಣ್ ಢಣ್ ಎಂದು ಇಳಿದು ಹೋಗುತ್ತದೆ.

ಸದ್ದು ನಿಂತ ಮೇಲೆ
ಇನ್ನೊಮ್ಮೆ ಮಂಡಿಯೂರುತ್ತೇನೆ.